ಸಹಜ ಕುಟುಂಬ ಯೋಜನೆ: ಕಲಿಸುವವರು ಯಾರು, ವೈದ್ಯರು ಎಲ್ಲಿ?



ಒಂದು ಭಾನುವಾರ ಬಲಿಪೂಜೆ ಮುಗಿದು ಜನರೆಲ್ಲ ಹೊರಟ ಮೇಲೂ ಸಂಡೂರು ಕಡೆಯ ಒಂದು ಜೋಡಿ ದೇವಾಲಯದ ಮೆಟ್ಟಿಲ ಬಳಿ ನಿಂತೇ ಇತ್ತು. ಗಂಡ ಅದಿರು ಲಾರಿಯ ಚಾಲಕ. ಹೆಂಡತಿಯ ಹೆಗಲ ಮೇಲೆ ಮೂರು ತಿಂಗಳ ಕೂಸು. ಎರಡನೆಯ ಹೆರಿಗೆಯೂ ಸಿಸೇರಿಯನ್ ಆಗಿತ್ತು. ಹೆರಿಗೆಯ ಹೊತ್ತಿನಲ್ಲೇ "ಆಪರೇಷನ್ ಮಾಡಿಬಿಡೋಣವೇ?" ಎಂದು ಆಸ್ಪತ್ರೆಯಲ್ಲಿ ಕೇಳಿದ್ದರು. ಇವರು ಬೇಡವೆಂದರು. ಏಕೆಂದು ಕೇಳಿದಾಗ, ಮದುವೆಯ ತರಬೇತಿಯಲ್ಲಿ ನಮ್ಮ ಫಾದರ್ ಹೀಗೆ ಹೇಳಿದ್ದಾರೆ ಎಂದರು. "ಹಾಗಾದರೆ ಮುಂದಿನದನ್ನೂ ನಿಮ್ಮ ಫಾದರನ್ನೇ ಕೇಳಿ" ಎಂದು ವೈದ್ಯೆ ಫೈಲು ಮುಚ್ಚಿದರಂತೆ. ಇವರು ಅದರಂತೆಯೇ ಕೇಳಲು ಬಂದಿದ್ದರು.

ನಾನೇನು ಮಾಡಿದೆ? ಬೀರುವಿನಿಂದ ಒಂದು ಕಿರುಹೊತ್ತಿಗೆ ತೆಗೆದು ಕೊಟ್ಟೆ. ಕೂಸಿನ ತಲೆ ಮುಟ್ಟಿ ಆಶೀರ್ವದಿಸಿ ಕಳುಹಿಸಿದೆ. ನಾಲ್ಕು ತಿಂಗಳ ಮೇಲೆ ಹೆಂಡತಿ ಒಬ್ಬಳೇ ಬಂದಳು. "ಫಾದರ್, ಬ್ಯಾಡ ಅಂತ ಹೇಳಿದ್ರಿ, ಕೇಳಿದ್ವಿ. ಬ್ಯಾಡ ಅಂದಮ್ಯಾಲೆ ಏನು ಮಾಡಬೇಕು ಅಂತ ಯಾರೂ ಹೇಳವಲ್ರು. ಪುಸ್ತಕ ಓದಿದ್ರ ತಿಳಿಯವಲ್ದು. ಅವ್ರು ಲಾರ್ಯಾಗ ಮಲಗ್ತಾರ, ನಾನು ಹೆದರಿಕೊಂಡು ಒಳಗ ಮಲಗ್ತೀನಿ" ಎಂದಳು.

ಹೊರಲಾಗದ ಹೊರೆಗಳನ್ನು ಕಟ್ಟಿ ಜನರ ಹೆಗಲಿಗೆ ಏರಿಸಿ, ತಾವು ಬೆರಳನ್ನೂ ತಾಗಿಸದ ಧರ್ಮಶಾಸ್ತ್ರಿಗಳನ್ನು ಯೇಸುಸ್ವಾಮಿ ಖಂಡಿಸಿದ್ದು ಮತ್ತಾಯನ ಶುಭಸಂದೇಶದ 23ನೆಯ ಅಧ್ಯಾಯದಲ್ಲಿದೆ. ಗುರುಮಠದಲ್ಲಿ ಅದರ ವ್ಯಾಖ್ಯಾನವನ್ನು ನಾನು ಓದಿ ಪರೀಕ್ಷೆಯನ್ನೂ ಬರೆದಿದ್ದೆ. ಆ ಮಾತು ನನ್ನನ್ನೇ ಕುರಿತದ್ದು ಎಂದು ತಿಳಿದದ್ದು ಅಂದು. ಆ ದಂಪತಿಗಳ ಅನುಮತಿ ಪಡೆದು, ಗುರುತು ಸಿಗದಂತೆ ಇದನ್ನು ಬರೆಯುತ್ತಿದ್ದೇನೆ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಯ ಮನೆಗಳಲ್ಲಿ ಇದೇ ಕಷ್ಟವನ್ನು ಬಾಯಿಬಿಡದೆ ನುಂಗುತ್ತಿರುವವರು ಇನ್ನೂ ಎಷ್ಟೋ ಮಂದಿ ಇದ್ದಾರೆಂದು ನನಗೆ ಗೊತ್ತು.

ವಿಶ್ವಪತ್ರದ ಓದದೇ ಉಳಿದ ಪುಟಗಳು

ಧರ್ಮಸಭೆಯ ಬೋಧನೆಯನ್ನು ಮೊದಲು ಸಂಕ್ಷಿಪ್ತವಾಗಿ ನೆನೆಯೋಣ. "ಕಥೋಲಿಕರು ಎಷ್ಟು ಮಕ್ಕಳಾದರೂ ಹೆರಲೇಬೇಕು" ಎಂದು ಧರ್ಮಸಭೆ ಎಂದೂ ಹೇಳಿಲ್ಲ. ಎಷ್ಟು ಮಕ್ಕಳು, ಯಾವಾಗ ಎಂಬುದನ್ನು ದೇವರ ಮುಂದೆ ತೀರ್ಮಾನಿಸಬೇಕಾದವರು ದಂಪತಿಗಳೇ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸ್ಪಷ್ಟಪಡಿಸಿತು. ಆರನೆಯ ಪೌಲರು 1968ರ ಜುಲೈ 25ರಂದು 'ಹ್ಯುಮಾನೆ ವೀಟೆ' ಎಂಬ ವಿಶ್ವಪತ್ರದಲ್ಲಿ ಇದನ್ನೇ ಜವಾಬ್ದಾರಿಯುತ ತಾಯ್ತಂದೆತನ ಎಂದು ಕರೆದರು. ಆರೋಗ್ಯ, ಬಡತನ, ಮನೆಯ ಪರಿಸ್ಥಿತಿ ಇಂಥ ಗಂಭೀರ ಕಾರಣಗಳಿದ್ದಾಗ ದೇಹದ ಸಹಜ ಬಂಜೆ ದಿನಗಳನ್ನು ಅರಿತು ಮಕ್ಕಳ ನಡುವೆ ಅಂತರವಿಡುವುದು ಯುಕ್ತ ಎಂದು ಆ ಪತ್ರದ 16ನೆಯ ಪರಿಚ್ಛೇದ ಹೇಳುತ್ತದೆ. ಕೃತಕ ಸಾಧನಗಳನ್ನೂ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೂ ಅದು ಒಪ್ಪುವುದಿಲ್ಲ. ಆದರೆ ನಿಜವಾದ ಕಾಯಿಲೆಗೆ ಔಷಧ ತೆಗೆದುಕೊಳ್ಳುವಾಗ, ಅದರಿಂದ ಗರ್ಭ ನಿಲ್ಲದೆ ಹೋಗಬಹುದಾದರೂ, ಆ ಚಿಕಿತ್ಸೆಗೆ ಅಡ್ಡಿಯಿಲ್ಲವೆಂದು 15ನೆಯ ಪರಿಚ್ಛೇದದಲ್ಲಿದೆ. ವಿಪರೀತ ರಕ್ತಸ್ರಾವಕ್ಕೋ ಅಂಡಾಶಯದ ತೊಂದರೆಗೋ ವೈದ್ಯರು ಹಾರ್ಮೋನು ಮಾತ್ರೆ ಬರೆದುಕೊಟ್ಟರೆಂದು ಹೆದರಿ ಬಿಸಾಡಿದ ತಾಯಂದಿರನ್ನು ನಾನು ಕಂಡಿದ್ದೇನೆ. ಹಾಗೆ ಮಾಡಬೇಡಿ, ಕೇಳಿ ತಿಳಿಯಿರಿ.

ಇಲ್ಲಿಯವರೆಗಿನದನ್ನು ನಾವು ಗುರುಗಳು ಪಾಠ ಹೇಳುತ್ತೇವೆ. ಆದರೆ ಅದೇ ಪತ್ರದ ಕೊನೆಯ ಭಾಗವನ್ನು ಬಹಳ ಸಲ ಓದುವುದೇ ಇಲ್ಲ. ಅಲ್ಲಿ ಜಗದ್ಗುರುಗಳು ವಿಜ್ಞಾನಿಗಳನ್ನು ಕರೆದು ಈ ಸಹಜ ಕ್ರಮಕ್ಕೆ ಇನ್ನೂ ಭದ್ರವಾದ ಬುನಾದಿ ಹಾಕಿಕೊಡಿ ಎನ್ನುತ್ತಾರೆ. ದಂಪತಿಗಳೇ ದಂಪತಿಗಳಿಗೆ ದಾರಿ ತೋರಿಸುವ ಸೇವೆಯನ್ನು ಮೆಚ್ಚುತ್ತಾರೆ. ವೈದ್ಯರನ್ನೂ ದಾದಿಯರನ್ನೂ ಕರೆಯುತ್ತಾರೆ. ಗುರುಗಳಿಗೆ ಬೋಧನೆಯ ಜೊತೆಗೆ ಕ್ರಿಸ್ತರ ತಾಳ್ಮೆಯೂ ಇರಲಿ ಎನ್ನುತ್ತಾರೆ. ಅಂದರೆ ಆಜ್ಞೆ ಒಂದು ಕಡೆ, ಆಸರೆ ಇನ್ನೊಂದು ಕಡೆ ಎಂದು ಅವರು ಬೇರ್ಪಡಿಸಲಿಲ್ಲ. ಬೇರ್ಪಡಿಸಿದವರು ನಾವು.

ರಾಮನಗರದ ಮಣಿಸರ

ಆಸರೆಯಿಲ್ಲದ ವಿಧಾನ ಏನಾಗುತ್ತದೆ ಎಂಬುದಕ್ಕೆ ನಮ್ಮ ನಾಡಿನಲ್ಲೇ ಒಂದು ಹಳೆಯ ಸಾಕ್ಷಿಯಿದೆ. ಕುಟುಂಬ ಯೋಜನೆಯ ಚರಿತ್ರೆಯಲ್ಲಿ ಕರ್ನಾಟಕದ ಹೆಸರು ಮೊದಲಿನಿಂದಲೂ ಇದೆ. 1930ರಲ್ಲೇ ಮೈಸೂರು ಸಂಸ್ಥಾನ ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆದಿತ್ತು. ಸ್ವಾತಂತ್ರ್ಯ ಬಂದ ಮೇಲೆ ಗಾಂಧೀಜಿಯವರ ಅನುಯಾಯಿಯಾಗಿದ್ದ ಕೇಂದ್ರ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್ ಅವರು ಸಂಯಮದ ಮಾರ್ಗವನ್ನೇ ಇಷ್ಟಪಟ್ಟರು. ಅವರ ಕಾಲದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಅಮೆರಿಕದ ಡಾ. ಅಬ್ರಹಾಂ ಸ್ಟೋನ್ 1951ರಲ್ಲಿ ಭಾರತಕ್ಕೆ ಬಂದರು. ದಿನ ಎಣಿಸುವ ವಿಧಾನವನ್ನು ಪರೀಕ್ಷಿಸಲು ಎರಡು ಸ್ಥಳಗಳನ್ನು ಆರಿಸಲಾಯಿತು. ಒಂದು ದೆಹಲಿಯ ಲೋಧಿ ಕಾಲೋನಿ. ಇನ್ನೊಂದು ನಮ್ಮ ಮೈಸೂರು ರಾಜ್ಯದ ರಾಮನಗರ. ಕಾಕತಾಳೀಯವೆಂದರೆ, ಅದೇ 1951ರ ಅಕ್ಟೋಬರ್ 29ರಂದು ರೋಮಿನಲ್ಲಿ ಹನ್ನೆರಡನೆಯ ಪಯಸ್ ಜಗದ್ಗುರುಗಳು ಸೂಲಗಿತ್ತಿಯರನ್ನು ಉದ್ದೇಶಿಸಿ ಮಾತನಾಡಿ, ಗಂಭೀರ ಕಾರಣವಿದ್ದಾಗ ಬಂಜೆ ದಿನಗಳನ್ನು ಅನುಸರಿಸಬಹುದು ಎಂದಿದ್ದರು.

ಓದು ಬಾರದ ಹೆಂಗಸರಿಗಾಗಿ ಸ್ಟೋನ್ ಅವರು ಬಣ್ಣದ ಮಣಿಗಳ ಸರವೊಂದನ್ನು ಯೋಜಿಸಿದರು. ದಿನಕ್ಕೊಂದು ಮಣಿ ಸರಿಸುವುದು. ಕೆಂಪು ಮಣಿಯ ದಿನ ದೂರವಿರುವುದು, ಹಸಿರು ಮಣಿಯ ದಿನ ಭಯವಿಲ್ಲ. ನೋಡಲು ಎಷ್ಟು ಸುಲಭ! ಆದರೆ ಆದದ್ದೇ ಬೇರೆ. ರಾತ್ರಿಯ ಕತ್ತಲಲ್ಲಿ ಬಣ್ಣ ಕಾಣಲಿಲ್ಲ. ಆಗ ಮಣಿಯ ಆಕಾರ ಬದಲಿಸಿದರು. ಮಣಿಗಳನ್ನು ಕೆಲವರು ಹಿಂದಕ್ಕೆ ಸರಿಸಿದರು. ಅದಕ್ಕೊಂದು ತಡೆ ಇಟ್ಟರು. ಸರ ಹಾಕಿಕೊಂಡರೆ ಊರಿಗೆಲ್ಲ ಗುಟ್ಟು ತಿಳಿಯುತ್ತದೆಂದು ಕೆಲವರು ನಾಚಿದರು. ಮಣಿ ಸರಿಸಿದರೆ ಸಾಕು, ತಾಯಿತದಂತೆ ಅದೇ ಕಾಯುತ್ತದೆಂದು ನಂಬಿದವರೂ ಇದ್ದರಂತೆ. ಕೆಲವೇ ವರ್ಷಗಳಲ್ಲಿ ಆ ಪ್ರಯೋಗ ಮರೆಗೆ ಸರಿಯಿತು. ಓದು ಬಾರದವರಿಗೆ ಇದೆಲ್ಲ ಸಾಧ್ಯವಿಲ್ಲ ಎಂಬ ಮಾತು ಮಾತ್ರ ಉಳಿದುಕೊಂಡಿತು.

ಪ್ರಿಯರೇ, ಆ ಹೆಂಗಸರನ್ನು ನೋಡಿ ನಗಬೇಡಿ. ಎರಡು ಕೊರತೆಗಳು ಅಲ್ಲಿದ್ದವು. ಮೊದಲನೆಯದಾಗಿ ಆ ವಿಧಾನವೇ ದುರ್ಬಲವಾಗಿತ್ತು. ಎಲ್ಲರ ಋತುಚಕ್ರವೂ ಗಡಿಯಾರದಂತೆ ನಡೆಯುವುದಿಲ್ಲ. ಎರಡನೆಯದಾಗಿ, ಸರವನ್ನು ಕೈಗಿತ್ತರೇ ಹೊರತು, ಪ್ರತಿ ತಿಂಗಳೂ ಪಕ್ಕದಲ್ಲಿ ಕುಳಿತು "ಈ ಸಲ ಏನಾಯಿತಮ್ಮ?" ಎಂದು ಕೇಳುವ ಗೆಳತಿಯನ್ನು ಕೊಡಲಿಲ್ಲ. ನಾನು ಸಂಡೂರಿನ ಆ ತಾಯಿಗೆ ಕೊಟ್ಟ ಕಿರುಹೊತ್ತಿಗೆಯೂ ಒಂದು ಮಣಿಸರವೇ ಆಗಿತ್ತು.

ದಿನ ಎಣಿಸುವುದಲ್ಲ, ದೇಹವನ್ನು ಅರಿಯುವುದು

ಮೊದಲನೆಯ ಕೊರತೆಯನ್ನು ವಿಜ್ಞಾನ ಬಹುಮಟ್ಟಿಗೆ ನೀಗಿಸಿದೆ. 1953ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ಒಬ್ಬ ಗುರುವಿನ ಕೋರಿಕೆಯ ಮೇರೆಗೆ ಡಾ. ಜಾನ್ ಬಿಲ್ಲಿಂಗ್ಸ್ ಈ ಸಂಶೋಧನೆ ಆರಂಭಿಸಿದರು. ಮುಂದೆ ಅವರ ಪತ್ನಿ ಡಾ. ಈವ್ಲಿನ್ ಅವರೂ ಸೇರಿದರು. ದಿನಗಳನ್ನು ಎಣಿಸುವ ಬದಲು, ಗರ್ಭಕಂಠದಿಂದ ಒಸರುವ ಲೋಳೆಯ ಬದಲಾವಣೆಯನ್ನು ಹೆಣ್ಣುಮಗಳು ತಾನೇ ಗಮನಿಸಬಹುದು ಎಂದು ಅವರು ತೋರಿಸಿಕೊಟ್ಟರು.

ಅದರ ತಿರುಳು ಹೀಗಿದೆ. ಬಿಡುಗಡೆಯಾದ ಅಂಡಾಣು ಬದುಕುವುದು ಹೆಚ್ಚೆಂದರೆ ಒಂದು ದಿನ. ಪುರುಷನ ವೀರ್ಯಾಣು ಒಳ್ಳೆಯ ಲೋಳೆ ಇದ್ದಾಗ ಐದು ದಿನಗಳವರೆಗೆ ಬದುಕಬಲ್ಲದು. ಆದ್ದರಿಂದ ಒಂದು ಚಕ್ರದಲ್ಲಿ ಗರ್ಭ ನಿಲ್ಲುವ ದಿನಗಳು ಸುಮಾರು ಆರು ಮಾತ್ರ. ಮುಟ್ಟು ನಿಂತ ಮೇಲೆ ಹಲವರಿಗೆ ಒಣಗಿದಂತಿರುವ ದಿನಗಳು ಬರುತ್ತವೆ. ಬಳಿಕ ತೇವ ಕಾಣುತ್ತದೆ. ಕ್ರಮೇಣ ಅದು ಮೊಟ್ಟೆಯ ಬಿಳಿಭಾಗದಂತೆ ಜಾರುವ, ಎಳೆದರೆ ನೂಲಿನಂತೆ ಬರುವ ಲೋಳೆಯಾಗುತ್ತದೆ. ಹೀಗೆ ಜಾರುವ ಅನುಭವವಿರುವ ಕೊನೆಯ ದಿನವೇ ಶಿಖರದ ದಿನ. ಅಂಡಾಣು ಬಿಡುಗಡೆಯಾಗುವುದು ಅದರ ಆಸುಪಾಸಿನಲ್ಲಿ. ಮಗುವನ್ನು ಸದ್ಯಕ್ಕೆ ಮುಂದೂಡಬೇಕೆನ್ನುವ ದಂಪತಿಗಳು ಮೊದಲ ಒಣ ದಿನಗಳಲ್ಲಿ ರಾತ್ರಿ ಮಾತ್ರ, ಅದೂ ದಿನ ಬಿಟ್ಟು ದಿನ ಸೇರುತ್ತಾರೆ. ಬದಲಾವಣೆ ಕಂಡೊಡನೆ ದೂರವಿರುತ್ತಾರೆ. ಶಿಖರದ ದಿನದ ನಂತರ ಮೂರು ದಿನ ಪೂರ್ತಿ ಕಾದು, ನಾಲ್ಕನೆಯ ದಿನದಿಂದ ಮುಂದಿನ ಮುಟ್ಟಿನವರೆಗೆ ನಿರಾತಂಕವಾಗಿರುತ್ತಾರೆ. ಮಗು ಬೇಕೆನ್ನುವವರು ಅದೇ ಜಾರುವ ದಿನಗಳನ್ನು ಆರಿಸಿಕೊಳ್ಳುತ್ತಾರೆ. ವರ್ಷಗಟ್ಟಲೆ ಮಗುವಿಗಾಗಿ ಹರಕೆ ಹೊತ್ತ ದಂಪತಿಗಳಿಗೂ ಈ ಅರಿವು ಅಷ್ಟೇ ಉಪಯೋಗ.

ಓದು ಬಾರದಿದ್ದರೆ ಚಿಂತೆಯಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಮುಟ್ಟಿನ ದಿನಕ್ಕೆ ಕೆಂಪು, ಒಣ ದಿನಕ್ಕೆ ಹಸಿರು, ಲೋಳೆಯ ದಿನಕ್ಕೆ ಬಿಳಿ ಗುರುತು ಹಾಕಿದರೆ ಸಾಕು. ಆದರೆ ಇದನ್ನು ಈ ಪುಟದಿಂದಲೇ ಕಲಿತು ಇಂದು ರಾತ್ರಿಯಿಂದಲೇ ನಂಬಿ ನಡೆಯಬೇಡಿ. ಮೂರು ಚಕ್ರಗಳಾದರೂ ಕಲಿಸುವವರ ಜೊತೆ ಕುಳಿತು ಗುರುತು ಹಾಕಿ ನೋಡಬೇಕು. ಬಾಣಂತಿಯರಿಗೆ, ಮುಟ್ಟು ನಿಲ್ಲುವ ವಯಸ್ಸಿನವರಿಗೆ ನಿಯಮಗಳಲ್ಲಿ ಸೂಕ್ಷ್ಮಗಳಿವೆ. ದಿನವಿಡೀ ಕಂಪ್ಲಿಯ ಗದ್ದೆಯ ನೀರಿನಲ್ಲಿ ನಿಂತು ನಾಟಿ ಮಾಡುವ ಹೆಣ್ಣುಮಗಳು ಒಣ, ತೇವಗಳನ್ನು ಗುರುತಿಸುವುದು ಹೇಗೆಂಬುದು ಮೆಲ್ಬರ್ನಿನ ಪುಸ್ತಕದಲ್ಲಿ ಇರುವುದಿಲ್ಲ. ಅದನ್ನು ನಾಟಿ ಮಾಡಿದ ಇನ್ನೊಬ್ಬ ತಾಯಿಯೇ ಹೇಳಿಕೊಡಬೇಕು.

ಎಷ್ಟು ನಂಬಬಹುದು?

ಇಲ್ಲಿ ಮುಚ್ಚುಮರೆ ಸಲ್ಲದು. ವಿಶ್ವ ಆರೋಗ್ಯ ಸಂಸ್ಥೆ 1970ರ ದಶಕದ ಕೊನೆಯಲ್ಲಿ ಐದು ದೇಶಗಳಲ್ಲಿ ಬಿಲ್ಲಿಂಗ್ಸ್ ವಿಧಾನವನ್ನು ಪರೀಕ್ಷಿಸಿತು. ಭಾರತದ ಕೇಂದ್ರ ನಮ್ಮ ಬೆಂಗಳೂರೇ ಆಗಿತ್ತು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹೆಂಗಸರು, ಬಡವರಾಗಲಿ ಬಲ್ಲಿದರಾಗಲಿ, ಮೊದಲ ಚಕ್ರದಲ್ಲೇ ತಮ್ಮ ಲಕ್ಷಣಗಳನ್ನು ಗುರುತಿಸಿದರು. ನಿಯಮಗಳನ್ನು ಸರಿಯಾಗಿ ಪಾಲಿಸಿದಾಗ ವರ್ಷಕ್ಕೆ ನೂರರಲ್ಲಿ ಸುಮಾರು ಮೂವರು ಗರ್ಭಿಣಿಯರಾದರು. ಆದರೆ ನಿಯಮ ಮೀರಿದವರನ್ನೂ ತಪ್ಪಾಗಿ ಕಲಿತವರನ್ನೂ ಸೇರಿಸಿದರೆ ಆ ಸಂಖ್ಯೆ ಇಪ್ಪತ್ತರ ಆಸುಪಾಸಿಗೆ ಏರಿತು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕರ್ನಾಟಕವೂ ಸೇರಿದಂತೆ ಹಲವು ಕಡೆ ಎರಡು ಸಾವಿರಕ್ಕೂ ಹೆಚ್ಚು ಹೆಂಗಸರಲ್ಲಿ ನಡೆಸಿ 1996ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲೂ ಇದೇ ಪಾಠ ಕಂಡಿತು. ವಿಧಾನದ ಸೋಲು ಬಹಳ ಕಡಿಮೆ, ಬಳಸುವವರ ಸೋಲು ಅದರ ಹಲವು ಪಟ್ಟು.

ಹಾಗಾದರೆ ಇದು ಒಳ್ಳೆಯದೋ ಕೆಟ್ಟದ್ದೋ? ಮೂರಕ್ಕೂ ಇಪ್ಪತ್ತಕ್ಕೂ ನಡುವಿನ ಅಂತರವನ್ನು ನೋಡಿ. ಆ ಅಂತರ ತುಂಬುವುದು ಎರಡರಿಂದ: ಒಳ್ಳೆಯ ಕಲಿಕೆ ಮತ್ತು ಗಂಡನ ಒಪ್ಪಿಗೆ. ಇನ್ನೊಂದು ಗರ್ಭ ಬಂದರೆ ತಾಯಿಯ ಜೀವಕ್ಕೇ ಅಪಾಯ ಎಂದು ವೈದ್ಯರು ಹೇಳಿದ್ದರೆ, ಅಂಥ ದಂಪತಿಗಳನ್ನು ಅರ್ಧಂಬರ್ಧ ಪಾಠದೊಂದಿಗೆ ಬಿಟ್ಟುಬಿಡುವುದು ಪಾಪವೇ ಸರಿ. ಅವರಿಗೆ ಅತ್ಯುತ್ತಮ ಶಿಕ್ಷಕಿಯನ್ನೂ ವೈದ್ಯರನ್ನೂ ಒದಗಿಸುವುದು ಧರ್ಮಕೇಂದ್ರದ ಮೊದಲ ಕೆಲಸವಾಗಬೇಕು.

ವೈದ್ಯರಿಂದ ಏನು ಕೇಳಬೇಕು?

"ಹೊಸಪೇಟೆಯಲ್ಲಿ ಇದನ್ನು ಕಲಿಸುವ ಡಾಕ್ಟರ್ ಯಾರಿದ್ದಾರೆ ಫಾದರ್?" ಇದು ನನಗೆ ಬರುವ ಪ್ರಶ್ನೆ. ಇಲ್ಲಿಯೇ ನಾವೆಲ್ಲ ಎಡವುತ್ತಿದ್ದೇವೆ. ಒಂದು ಗಂಟೆಗೆ ಇಪ್ಪತ್ತು ಗರ್ಭಿಣಿಯರನ್ನು ನೋಡುವ ವೈದ್ಯೆ ನಿಮ್ಮ ಪಕ್ಕದಲ್ಲಿ ಕುಳಿತು ಮೂರು ತಿಂಗಳು ಪಾಠ ಹೇಳಲಾರರು. ವೈದ್ಯಕೀಯ ಕಾಲೇಜಿನಲ್ಲಿ ಅವರಿಗೆ ಇದರ ಅಭ್ಯಾಸವೂ ಹೆಚ್ಚಾಗಿ ಸಿಕ್ಕಿರುವುದಿಲ್ಲ. ಕಲಿಸುವುದು ತರಬೇತಿ ಪಡೆದ ಸಿಸ್ಟರೋ ದಾದಿಯೋ ದಂಪತಿಗಳೋ ಮಾಡುವ ಕೆಲಸ. ವೈದ್ಯರ ಕೆಲಸ ಬೇರೆ. ಹೀಗೆ ಎರಡನ್ನೂ ಬೇರೆ ಮಾಡಿ ನೋಡಿದರೆ ನಮ್ಮ ಹುಡುಕಾಟ ಅರ್ಧ ಸುಲಭವಾಗುತ್ತದೆ. ನಮಗೆ ಬೇಕಾದುದು ಕಥೋಲಿಕ ವೈದ್ಯರೇ ಎಂದೇನಿಲ್ಲ. ನಮ್ಮ ನಿರ್ಧಾರವನ್ನು ಹೀಯಾಳಿಸದೆ, ನಾಲ್ಕು ಪ್ರಶ್ನೆಗೆ ನೇರ ಉತ್ತರ ಕೊಡುವ ವೈದ್ಯರು ಸಾಕು.

ಒಂದು: "ಮುಂದಿನ ಗರ್ಭಕ್ಕೆ ನಾನು ಎಷ್ಟು ದಿನ ಕಾಯಬೇಕು, ಏಕೆ?" ಹೆರಿಗೆಯಾದ ಮೇಲೆ ಮತ್ತೆ ಗರ್ಭ ಧರಿಸಲು ಕನಿಷ್ಠ 24 ತಿಂಗಳ ಅಂತರವಿರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸಿಸೇರಿಯನ್ ಆದವರು, ಹೃದಯದ ತೊಂದರೆ, ರಕ್ತದೊತ್ತಡ ಇರುವವರು ತಮ್ಮ ಅಪಾಯವನ್ನು ಸ್ಪಷ್ಟವಾಗಿ ಕೇಳಿ ತಿಳಿಯಬೇಕು.

ಎರಡು: "ನನ್ನ ರಕ್ತ, ಥೈರಾಯ್ಡ್ ಸರಿಯಿದೆಯೇ?" ಚಕ್ರ ತೀರ ಉದ್ದವಾಗುವುದು, ತಿಂಗಳುಗಟ್ಟಲೆ ಮುಟ್ಟಾಗದಿರುವುದು, ವಿಪರೀತ ಹೋಗುವುದು, ಇವುಗಳ ಹಿಂದೆ ಥೈರಾಯ್ಡ್, ಪಿಸಿಒಡಿ ಮುಂತಾದ ಕಾರಣಗಳಿರಬಹುದು. ವಿಪರೀತ ಹೋದರೆ ರಕ್ತಹೀನತೆಯೂ ಬರುತ್ತದೆ. ಕಾರಣ ಕಂಡುಹಿಡಿದು ಚಿಕಿತ್ಸೆ ಮಾಡಿದರೆ ಲಕ್ಷಣಗಳೂ ಸ್ಪಷ್ಟವಾಗುತ್ತವೆ.

ಮೂರು: "ಈ ಬಿಳಿ ಸೆರಗು ಸಹಜವೋ ಸೋಂಕೋ?" ಆರೋಗ್ಯದ ಲೋಳೆಗೆ ಕೆಟ್ಟ ವಾಸನೆ, ತುರಿಕೆ, ಉರಿ ಇರುವುದಿಲ್ಲ. ಇವು ಇದ್ದರೆ ನಾಚದೆ ತೋರಿಸಿ. ಕೆಲವು ಸೋಂಕುಗಳಿಗೆ ಗಂಡನಿಗೂ ಚಿಕಿತ್ಸೆ ಬೇಕಾಗುತ್ತದೆ.

ನಾಲ್ಕು: "ನನ್ನ ಈ ಪಟ್ಟಿಯನ್ನು ಒಮ್ಮೆ ನೋಡುವಿರಾ?" ಎಲ್ಲ ಹೆಂಗಸರಿಗೂ ಹದಿನಾಲ್ಕನೆಯ ದಿನವೇ ಅಂಡಾಣು ಬಿಡುಗಡೆಯಾಗುವುದಿಲ್ಲ. ಹಾರ್ಮೋನಿನ ರಕ್ತಪರೀಕ್ಷೆಗೆ ದಿನ ಗೊತ್ತುಮಾಡುವಾಗ, ಹೆರಿಗೆಯ ದಿನಾಂಕ ಅಂದಾಜು ಮಾಡುವಾಗ ನಿಮ್ಮ ಶಿಖರದ ದಿನ ಗೊತ್ತಿದ್ದರೆ ವೈದ್ಯರಿಗೂ ಅನುಕೂಲ. ಮೂರು ತಿಂಗಳ ಅಚ್ಚುಕಟ್ಟಾದ ಪಟ್ಟಿಯನ್ನು ಕಂಡ ಮೇಲೆ ಧೋರಣೆ ಬದಲಿಸಿದ ವೈದ್ಯರನ್ನು ನಾನು ಬಲ್ಲೆ.

ಇನ್ನೊಂದು ಎಚ್ಚರಿಕೆ. ಸಂತಾನಹರಣ ಶಸ್ತ್ರಚಿಕಿತ್ಸೆಗೆ ಹೆಣ್ಣುಮಗಳ ತಿಳಿದ, ಲಿಖಿತ ಒಪ್ಪಿಗೆ ಬೇಕೇ ಬೇಕು. ಹೆರಿಗೆ ನೋವಿನ ನಡುವೆ ಕೊಟ್ಟ ಕಾಗದಕ್ಕೆಲ್ಲ ರುಜು ಹಾಕುವ ಪ್ರಸಂಗ ಬಾರದಿರಲಿ. ಏಳನೆಯ ತಿಂಗಳ ತಪಾಸಣೆಯಲ್ಲೇ ಗಂಡಹೆಂಡಿರಿಬ್ಬರೂ ಹೋಗಿ, ನಿಮ್ಮ ನಿರ್ಧಾರವನ್ನು ವಿನಯದಿಂದ ತಿಳಿಸಿ, ಕಾರ್ಡಿನಲ್ಲಿ ಬರೆಯಿಸಿಕೊಳ್ಳಿ. ಆಶಾ ಕಾರ್ಯಕರ್ತೆಯೊಡನೆ ಜಗಳವಾಡಬೇಡಿ. ಅವರು ತಮ್ಮ ಕರ್ತವ್ಯ ಮಾಡುತ್ತಾರೆ. ನೀವು ನಿಮ್ಮ ಮಾತನ್ನು ಸಮಾಧಾನದಿಂದ ಹೇಳಿ.

ಬಾಣಂತಿಯರಿಗೆ ಒಂದು ಸಮಾಧಾನದ ಮಾತು. ಮಗುವಿಗೆ ಆರು ತಿಂಗಳು ತುಂಬಿರಬಾರದು, ಹೊರಗಿನ ಹಾಲು ನೀರು ಏನೂ ಕೊಡದೆ ಹಗಲು ರಾತ್ರಿ ಎದೆಹಾಲೇ ಕುಡಿಸುತ್ತಿರಬೇಕು, ಮುಟ್ಟು ಮರಳಿರಬಾರದು. ಈ ಮೂರೂ ಕೂಡಿದ್ದರೆ ಗರ್ಭ ನಿಲ್ಲುವ ಸಂಭವ ನೂರಕ್ಕೆ ಎರಡಕ್ಕಿಂತ ಕಡಿಮೆ ಎಂದು 1988ರಲ್ಲಿ ಇಟಲಿಯ ಬೆಲ್ಲಾಜಿಯೊದಲ್ಲಿ ಸೇರಿದ ತಜ್ಞರು ಒಪ್ಪಿದ್ದಾರೆ. ಮೂರರಲ್ಲಿ ಒಂದು ತಪ್ಪಿದರೂ ಆ ಭರವಸೆ ಮುಗಿಯಿತೆಂದು ತಿಳಿಯಿರಿ. ಅಷ್ಟರೊಳಗೆ ಕಲಿಯಲು ಆರಂಭಿಸಿರಬೇಕು. ಸಂಡೂರಿನ ಆ ತಾಯಿ ಮೊದಲು ಬಂದಾಗ ಕೂಸಿಗೆ ಮೂರೇ ತಿಂಗಳು. ಇಷ್ಟನ್ನಾದರೂ ನಾನು ಅಂದು ಹೇಳಿದ್ದರೆ ಅವರ ಅರ್ಧ ಭಯ ಹೋಗುತ್ತಿತ್ತು. ನನಗೇ ತಿಳಿದಿರಲಿಲ್ಲ.

ನಮ್ಮ ಊರುಗಳಲ್ಲಿ ಆಸರೆ ಕಟ್ಟುವುದು ಹೇಗೆ?

ವೈದ್ಯರು ಹೊಸಪೇಟೆಯಲ್ಲಿ ಇದ್ದಾರೆ, ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಇದ್ದಾರೆ. ತೊಡಕಿನ ಪ್ರಕರಣಗಳಿಗೆ ಬೆಂಗಳೂರಿನಲ್ಲಿ ಧರ್ಮಸಭೆಯದೇ ಆದ ಸೇಂಟ್ ಜಾನ್ಸ್, ಸೇಂಟ್ ಮಾರ್ಥಾಸ್ ಆಸ್ಪತ್ರೆಗಳಿವೆ. ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಿಗೆ ಅಲ್ಲಿರುತ್ತೀರಿ. ನಮ್ಮಲ್ಲಿ ಕೊರತೆಯಿರುವುದು ಕಲಿಸುವವರದು. ಅದೇ ಬೆಂಗಳೂರಿನಲ್ಲಿ ಡಾ. ಮೇರಿ ಮಿನ್ಯೋನ್ ಮಸ್ಕರೇನಸ್ ಅವರು ಕ್ರೆಸ್ಟ್ ಎಂಬ ಕೇಂದ್ರದ ಮೂಲಕ ಕುಟುಂಬ ಜೀವನ ಶಿಕ್ಷಣಕ್ಕೆ ದುಡಿದರು. ಮದರ್ ತೆರೇಸಾ ಅವರು 1979ರಲ್ಲಿ ನೊಬೆಲ್ ಪ್ರಶಸ್ತಿ ಪಡೆದು ಮಾತನಾಡುವಾಗ, ಕೋಲ್ಕತ್ತದ ಬಡವರಿಗೆ ತಮ್ಮ ಸಿಸ್ಟರುಗಳು ಸಹಜ ಕುಟುಂಬ ಯೋಜನೆ ಕಲಿಸುತ್ತಿರುವುದನ್ನು ಜಗತ್ತಿಗೆ ಹೇಳಿದರು. ಬೀದಿಬದಿಯ ಬಡವರು ಕಲಿತದ್ದನ್ನು ನಮ್ಮ ತಾಯಂದಿರು ಕಲಿಯಲಾರರೇ?

ಹೊಸಪೇಟೆಯಿಂದ ಹಂಪಿ ಹತ್ತಿರದಲ್ಲೇ ಇದೆ. ಸಂಡೂರು, ಕಂಪ್ಲಿ ಒಂದೊಂದು ತಾಸಿನ ದಾರಿ. ನಾಲ್ಕು ಊರಿಗೂ ಕೂಡಿ ಒಬ್ಬ ದಾದಿ ಸಿಸ್ಟರ್, ಇಬ್ಬರು ದಂಪತಿಗಳು ತರಬೇತಿ ಪಡೆದರೆ ಆರಂಭಕ್ಕೆ ಸಾಕು. ಧರ್ಮಕ್ಷೇತ್ರದ ಕುಟುಂಬ ಆಯೋಗವನ್ನು ನಿಮ್ಮ ಗುರುಗಳ ಮೂಲಕ ವಿಚಾರಿಸಿ. ತರಬೇತಿಗೆ ಹೋಗುವವರ ಬಸ್ಸು, ರೈಲಿನ ಖರ್ಚನ್ನೂ ಕಳೆದುಕೊಂಡ ಕೂಲಿಯನ್ನೂ ಧರ್ಮಕೇಂದ್ರದ ಪಾಲನಾ ಸಮಿತಿ ಹೊರಲಿ. ಹಬ್ಬದ ದೀಪಾಲಂಕಾರದಲ್ಲಿ ಒಂದು ಸಾಲು ಕಡಿಮೆಯಾದರೆ ಸಂತರು ಬೇಸರಪಡುವುದಿಲ್ಲ.

ಮದುವೆಯ ತರಬೇತಿಯಲ್ಲಿ ಒಂದು ಗಂಟೆಯ ಭಾಷಣ ಸಾಲದು. ಮದುವೆಗೆ ಮೂರು ತಿಂಗಳು ಮುಂಚೆಯೇ ಹುಡುಗಿ ಗುರುತು ಹಾಕಲು ಕಲಿಯಲಿ. ಪಾಠ ನಡೆಯಬೇಕಾದುದು ಗುರುಗಳ ಕಚೇರಿಯಲ್ಲಲ್ಲ, ಒಬ್ಬ ತಾಯಿಯ ಮನೆಯಲ್ಲಿ. ಹೆಣ್ಣುಮಕ್ಕಳಿಗೆ ಹೆಣ್ಣುಮಕ್ಕಳೇ ಕಲಿಸಲಿ, ಗಂಡಸರೊಡನೆ ಗಂಡಸರೇ ಮಾತನಾಡಲಿ. ಒಂದು ಮನೆಯ ಪಟ್ಟಿಯ ವಿಷಯ ಇನ್ನೊಂದು ಮನೆಗೆ ತಿಳಿಯಬಾರದು. ಈ ಒಂದು ನಿಯಮ ಮುರಿದರೆ ಮರುದಿನವೇ ಎಲ್ಲವೂ ನಿಲ್ಲುತ್ತದೆ.

ಗಂಡಂದಿರಿಗೆ

ಸಹೋದರರೇ, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ವರದಿಯ ಪ್ರಕಾರ ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಪಾಲು ಸೊನ್ನೆಯ ಹತ್ತಿರ. ಹೊರೆ ಯಾರ ದೇಹದ ಮೇಲೆ ಬಿದ್ದಿದೆ ನೋಡಿ. ಸಹಜ ವಿಧಾನದಲ್ಲಿ ಆ ಹೊರೆಯ ಅರ್ಧ ನಿಮ್ಮದಾಗುತ್ತದೆ. ಆದ್ದರಿಂದಲೇ ಇದು ನಮಗೆ ಕಷ್ಟ.

ದೂರವಿರುವುದಾದರೆ ಇಬ್ಬರೂ ಒಪ್ಪಿ, ಸ್ವಲ್ಪ ಕಾಲ ಮಾತ್ರ, ಪ್ರಾರ್ಥನೆಗಾಗಿ ಎಂದು ಸಂತ ಪೌಲರು ಕೊರಿಂಥದವರಿಗೆ ಬರೆದರು. 'ಇಬ್ಬರೂ ಒಪ್ಪಿ' ಎಂಬುದನ್ನು ಗಮನಿಸಿ. ತೋರಣಗಲ್ಲಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವರಿಗೆ, ವಾರಗಟ್ಟಲೆ ಲಾರಿಯಲ್ಲಿದ್ದು ಮನೆ ಸೇರಿದವರಿಗೆ "ಇವತ್ತು ಬೇಡ" ಎಂಬ ಮಾತು ಹಿತವೆನಿಸುವುದಿಲ್ಲ, ನಿಜ. ಅದಕ್ಕೇ ಗೋಡೆಯ ಮೇಲಿನ ಗುರುತನ್ನು ಪ್ರತಿ ರಾತ್ರಿ ನೀವೇ ಹಾಕಿ. ಅವಳು ಹೇಳಲಿ, ನೀವು ಬರೆಯಿರಿ. ಊರಲ್ಲಿಲ್ಲದಾಗ ಫೋನಿನಲ್ಲಿ ಕೇಳಿ. ಕುಡಿದು ಬಂದು ಬಲವಂತ ಮಾಡುವ ಮನೆಯಲ್ಲಿ ಯಾವ ವಿಧಾನವೂ ನಿಲ್ಲದು. ಅಲ್ಲಿ ಮೊದಲು ಬೇಕಾದುದು ಕುಡಿತಕ್ಕೆ ಚಿಕಿತ್ಸೆ, ಹೆಣ್ಣುಮಗಳಿಗೆ ರಕ್ಷಣೆ.

ಈಗಾಗಲೇ ಆಪರೇಷನ್ ಆಗಿರುವ ತಾಯಂದಿರೇ, ಇದನ್ನು ಓದಿ ಮನಸ್ಸು ಕುಗ್ಗಿಸಿಕೊಳ್ಳಬೇಡಿ, ದೇವಾಲಯದ ಹಿಂದಿನ ಬೆಂಚಿಗೆ ಸರಿಯಬೇಡಿ. ನಿಮ್ಮಲ್ಲಿ ಎಷ್ಟೋ ಮಂದಿಗೆ ಬೇರೆ ದಾರಿಯನ್ನು ಯಾರೂ ತೋರಿಸಿರಲಿಲ್ಲ. ಪಾಪನಿವೇದನೆಯಲ್ಲಿ ನಿಮಗಾಗಿ ಕಾದಿರುವುದು ದೇವರ ಕರುಣೆ. ನಿಮ್ಮ ಹೆಣ್ಣುಮಕ್ಕಳಿಗೆ, ಸೊಸೆಯಂದಿರಿಗೆ ಈ ದಾರಿ ತಿಳಿಯುವಂತೆ ನೋಡಿಕೊಳ್ಳಿ.

ಕೊನೆಗೆ, ಸಂಡೂರಿನ ಆ ಜೋಡಿ ಏನಾಯಿತೆಂದು ಕೇಳುವಿರಿ. ಆಕೆ ಒಬ್ಬಳೇ ಬಂದ ದಿನದ ಮರುವಾರ ನಾನು ತರಬೇತಿ ಪಡೆದ ಒಬ್ಬ ಸಿಸ್ಟರನ್ನು ವಿಚಾರಿಸಿ ಹುಡುಕಿದೆ. ಅವರು ಹದಿನೈದು ದಿನಕ್ಕೊಮ್ಮೆ ಬಸ್ಸಿನಲ್ಲಿ ಹೋಗಿ ಅವರ ಅಡಿಗೆಮನೆಯಲ್ಲಿ ಕುಳಿತು ಕಲಿಸಿದರು. ಪಟ್ಟಿಯಲ್ಲಿ ಚಕ್ರ ತೀರ ಉದ್ದವಾಗಿರುವುದು ಕಂಡಿತು. ಅದನ್ನು ಹಿಡಿದು, ಅಂದು ಫೈಲು ಮುಚ್ಚಿದ ಅದೇ ವೈದ್ಯೆಯ ಬಳಿಗೆ ಹೋದರು. ಅವರು ಪಟ್ಟಿಯನ್ನು ಎರಡು ಸಲ ನೋಡಿ, ಥೈರಾಯ್ಡ್ ಪರೀಕ್ಷೆ ಬರೆದರು. ತೊಂದರೆ ಇತ್ತು, ಔಷಧ ಶುರುವಾಯಿತು. ಈಗಲೂ ಕೆಲವು ತಿಂಗಳು ಅವರಿಗೆ ಗೊಂದಲವಾಗುತ್ತದೆ, ಕೆಲವು ತಿಂಗಳು ಮುನಿಸೂ ಬರುತ್ತದೆ. ಆದರೆ ಗಂಡ ಲಾರಿಯಲ್ಲಿ ಮಲಗುವುದನ್ನು ಬಿಟ್ಟಿದ್ದಾನೆ. ಕ್ಯಾಲೆಂಡರಿನ ಗುರುತು ಹಾಕುವವನು ಈಗ ಅವನೇ.

ಕುಟುಂಬದಲ್ಲಿ ಮತ್ತು ಕಿರು ಸಮುದಾಯದಲ್ಲಿ ಚಿಂತನೆಗೆ:

1. ಮಕ್ಕಳ ಸಂಖ್ಯೆ, ಅಂತರದ ಬಗ್ಗೆ ನಾವಿಬ್ಬರೂ ಕುಳಿತು ಮಾತನಾಡಿದ್ದೇವೆಯೇ, ಅಥವಾ ಅತ್ತೆಮಾವಂದಿರು, ಆಸ್ಪತ್ರೆಯವರು ತೀರ್ಮಾನಿಸುವಂತೆ ಬಿಟ್ಟಿದ್ದೇವೆಯೇ?

2. ನಮ್ಮ ಬೀದಿಯ ಯಾವ ವೈದ್ಯರು, ದಾದಿಯರು ತಾಯಂದಿರ ಮಾತನ್ನು ತಾಳ್ಮೆಯಿಂದ ಕೇಳುತ್ತಾರೆ? ಅವರನ್ನು ಧರ್ಮಕೇಂದ್ರಕ್ಕೆ ಪರಿಚಯಿಸಬಹುದೇ?

3. ಕಲಿತು ಇತರರಿಗೆ ಕಲಿಸಲು ನಮ್ಮ ಮನೆಯಿಂದ ಯಾರು ಮುಂದೆ ಬರಬಲ್ಲರು?